ಪಿಕಪ್ ಸಾಕುವುದೆಂದರೆ

ಕಳೆದ ಫೆಸ್ಟ್ ಸಮಯದಲ್ಲಿ ಕ್ಲಾಸಿನ ಗ್ರೂಪಿಗೆ ಒಂದು ಮೆಸೇಜ್ ಬಂತು. "ನಿಮ್ಮಲ್ಲಿ ಪಿಕಪ್ ಉಂಟಲ್ಲ ಮಾರಾಯ, ಸೌಂಡ್ ಬಾಕ್ಸ್ ತರ್ಲಿಕ್ಕೆ ಸಿಗ್ತದಾ? ನಾವು ಹತ್ತು ಜನ ಹಿಂದೆ ಕೂತ್ಕೊಳ್ತೇವೆ." ಗಾಡಿ ಸಿಗ್ತದೆ, ಹತ್ತು ಜನ ಹಿಂದೆ ಕೂರುವುದು ಮಾತ್ರ ಆಗುವುದಿಲ್ಲ ಅಂದೆ. ಭಾವ ಮಾಡ್ತಾನೆ ಅಂತ ನಾಲ್ಕು ಸ್ಟಿಕ್ಕರ್ ಬಂತು. ಅವತ್ತು ಗ್ರೂಪಿನಲ್ಲಿ ಬರೆಯಲಿಕ್ಕೆ ಆಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗ್ತದೆ, ಹಾಸ್ಟೆಲಿನ ಚಹಾ ಇಟ್ಟುಕೊಂಡು ಓದಿ.

ನಮ್ಮ ಮನೆ ಬಂಟ್ವಾಳ ತಾಲೂಕಿನ ಒಳಗೆ, ಬಿ.ಸಿ.ರೋಡಿನಿಂದ ಬಸ್ಸು ಇಳಿದು ಮತ್ತೆ ನಡೆಯಬೇಕಾದ ಕಡೆ. ಅಪ್ಪನ ಪಿಕಪ್ ಅಡಿಕೆ, ತೆಂಗಿನಕಾಯಿ, ಪಶು ಆಹಾರದ ಗೋಣಿ, ಮದುವೆ ಮನೆಯ ಪಾತ್ರೆ, ಶಾಮಿಯಾನದ ಕಂಬ, ಎಲ್ಲವನ್ನೂ ಹೊರುತ್ತದೆ. ಮಳೆಗಾಲ ಮುಗಿದ ಮೇಲೆ ಹೆಚ್ಚಾಗಿ ಕೆಂಪು ಕಲ್ಲು. ನಮ್ಮ ಕಡೆ ದೊಡ್ಡ ಲಾರಿ ಹೋಗುವ ಮನೆಗಳು ಕಡಿಮೆ. ಗುಡ್ಡದ ಮೇಲೊಂದು ಮನೆ, ತೋಟದ ಬುಡದಲ್ಲಿ ಇನ್ನೊಂದು, ನಡುವೆ ಒಂದು ಜೀಪು ಹೋಗುವಷ್ಟು ಅಗಲದ ಮಣ್ಣಿನ ದಾರಿ. ಸಿದ್ಧಕಟ್ಟೆಯ ಕಡೆ ಹೋಗಿ, ವೇಣೂರಿನ ಕಡೆ ಹೋಗಿ, ಚಿತ್ರ ಇದೇ. ಅಂಥ ದಾರಿಯಲ್ಲಿ ಅಂಗಳದವರೆಗೆ ಬರುವ ಗಾಡಿ ಅಂದರೆ ಪಿಕಪ್ ಒಂದೇ.

ಈ ಸಣ್ಣ ಗಾಡಿಗಳ ಕಾಲ ಶುರುವಾದದ್ದು 2005ರ ಮೇ ತಿಂಗಳಲ್ಲಿ, ಟಾಟಾ ಏಸ್ ಬಂದಾಗ. 702 ಸಿಸಿ, ಎರಡೇ ಸಿಲಿಂಡರಿನ ಡೀಸೆಲ್ ಎಂಜಿನ್, 16 ಅಶ್ವಶಕ್ತಿ. ನಮ್ಮ ಕ್ಲಾಸಿನ ಅರ್ಧ ಜನರ ಬೈಕಿಗೇ ಅದಕ್ಕಿಂತ ಹೆಚ್ಚು ಉಂಟು. ಗಿರೀಶ್ ವಾಘ್ ಅವರ ತಂಡ ಗಾಡಿಯ ಡಿಸೈನ್ ಮಾಡುವ ಮೊದಲು ಗೂಡ್ಸ್ ಆಟೋ ಓಡಿಸುವವರ ಹತ್ತಿರ ಹೋಗಿ ನಿಮಗೆ ಎಂತ ಬೇಕು ಅಂತ ಕೇಳಿತ್ತು. ಅವರಿಗೆ ಬೇಕಾದದ್ದು ವೇಗವೋ ಏಸಿಯೋ ಅಲ್ಲ. ನಾಲ್ಕು ಚಕ್ರ, ಕಡಿಮೆ ಖರ್ಚು, ಮತ್ತೆ ಊರಿನಲ್ಲಿ ಸ್ವಲ್ಪ ಮರ್ಯಾದೆ. ಛೋಟಾ ಹಾಥಿ ಅಂತ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ, ಹೊರುವ ಗುಣ ನೋಡಿಯೇ. ಕಷ್ಟ ಶುರುವಾಗುವುದೂ ಆ ಹೆಸರಿನಿಂದಲೇ. ಆನೆ ಅಂದ ಮೇಲೆ ಎಷ್ಟು ಹೇರಿದರೂ ನಡೆಯುತ್ತದೆ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ.

ಒಂದು ಸಣ್ಣ ಲೆಕ್ಕ ಮಾಡುವ. ಆ ವರ್ಗದ ಗಾಡಿಯ ಹೊರೆ ಸುಮಾರು 750 ಕೆ.ಜಿ. ಒಂದು ಕೆಂಪು ಕಲ್ಲು ಗಾತ್ರದ ಮೇಲೆ 30ರಿಂದ 35 ಕೆ.ಜಿ. ಬರುತ್ತದೆ. ನಡುವಿನ 33 ಹಿಡಿದರೆ 22 ಕಲ್ಲಿಗೆ ಗಾಡಿ ಭರ್ತಿ. ಆದರೆ 22 ಕಲ್ಲು ಇಟ್ಟಾಗ ಗಾಡಿಯ ಬಾಡಿ ಖಾಲಿ ಖಾಲಿ ಕಾಣುತ್ತದೆ, ಒಂದು ಸಾಲು ಇಟ್ಟದ್ದಷ್ಟೇ. ಕಲ್ಲು ತರಿಸುವವರು "ಎಂತ ಅಣ್ಣ, ಇಷ್ಟೇಯಾ?" ಅಂತ ಕೇಳ್ತಾರೆ. ಆ ಒಂದು ಪ್ರಶ್ನೆಗೆ 40 ಕಲ್ಲು ಹತ್ತುತ್ತದೆ, ಅಂದರೆ 1320 ಕೆ.ಜಿ. ಇನ್ನೂ ಒಂದು ಉಂಟು: ಕೆಂಪು ಕಲ್ಲಿನ ಒಳಗೆಲ್ಲ ತೂತು. ಮಳೆಯಲ್ಲಿ ನೆನೆದ ಕಲ್ಲು ನೀರು ಕುಡಿದು ಮತ್ತಷ್ಟು ಭಾರ ಆಗಿರುತ್ತದೆ. ಲೆಕ್ಕ ಇಟ್ಟವನಿಗೆ ಕಲ್ಲಿನ ಸಂಖ್ಯೆ ಗೊತ್ತಿರುತ್ತದೆ, ತೂಕ ಗೊತ್ತಿರುವುದಿಲ್ಲ.

ಇಷ್ಟು ಹೇರಿದರೆ ಗಾಡಿಯ ಹಿಂಭಾಗ ಕುಕ್ಕರಿಸುತ್ತದೆ. ಅದಕ್ಕೆ ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಮದ್ದು: ಹಿಂದಿನ ಲೀಫ್ ಸ್ಪ್ರಿಂಗಿಗೆ ಒಂದೊಂದು ಪ್ಲೇಟ್ ಹೆಚ್ಚು ಹಾಕಿಸುವುದು. ಹೊಸ ಗಾಡಿ ಶೋರೂಮಿನಿಂದ ಸೀದಾ ಗ್ಯಾರೇಜಿಗೆ ಹೋಗಿ ಪ್ಲೇಟ್ ಹಾಕಿಸಿಕೊಂಡು ಮನೆಗೆ ಬರುವುದನ್ನು ನಾನೇ ನೋಡಿದ್ದೇನೆ. ನಾವೂ ಹಾಕಿಸಿದ್ದೆವು. ಆಮೇಲೆ ಎಷ್ಟು ಹೇರಿದರೂ ಗಾಡಿ ನೆಟ್ಟಗೆ ನಿಲ್ಲುತ್ತಿತ್ತು. ಅಪ್ಪನಿಗೆ ಖುಷಿ, ನನಗೂ ಖುಷಿ.

ಎರಡು ವರ್ಷದ ಹಿಂದೆ ಜೂನ್ ಮೊದಲ ವಾರ. ಕಲ್ಲು ಹೇರಿಕೊಂಡು ಬರುವಾಗ ಒಂದು ಇಳಿಜಾರಿನ ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಅಪ್ಪ ಬ್ರೇಕ್ ಒತ್ತಿದರು, ಸ್ಟೇರಿಂಗ್ ತಿರುಗಿಸಿದರು. ಗಾಡಿ ತಿರುಗಲಿಲ್ಲ, ನೇರ ಹೋಗಿ ಬದಿಯ ಚರಂಡಿಗೆ ಇಳಿಯಿತು. ನಾನು ಪಕ್ಕದ ಸೀಟಿನಲ್ಲಿದ್ದೆ. ಯಾರಿಗೂ ಪೆಟ್ಟಾಗಲಿಲ್ಲ. ಕಲ್ಲು ಮಾತ್ರ ಮುಂದಕ್ಕೆ ಜಾರಿ ಕ್ಯಾಬಿನ್ನಿನ ಹಿಂದಿನ ತಗಡು ಒಳಗೆ ಬಗ್ಗಿತ್ತು, ನನ್ನ ತಲೆಯಿಂದ ಒಂದು ಗೇಣು ದೂರದಲ್ಲಿ. ಎಲ್ಲರೂ ಹೇಳಿದ್ದು ಒಂದೇ, "ಮೊದಲ ಮಳೆ ಅಲ್ವಾ, ರೋಡು ಜಾರ್ತದೆ." ಅದು ಸುಳ್ಳಲ್ಲ. ಪೂರ್ತಿ ಸತ್ಯವೂ ಅಲ್ಲ ಅಂತ ನನಗೆ ಗೊತ್ತಾದದ್ದು ಬ್ರೇಕಿನ ಪಾಠ ಓದುವಾಗ.

ವಿಷಯ ಇದು. ಖಾಲಿ ಪಿಕಪ್ಪಿನ ಹಿಂದಿನ ಚಕ್ರಗಳ ಮೇಲೆ ಭಾರ ತೀರಾ ಕಡಿಮೆ. ಅಲ್ಲಿಗೆ ಪೂರ್ತಿ ಬ್ರೇಕ್ ಒತ್ತಡ ಕೊಟ್ಟರೆ ಚಕ್ರ ಲಾಕ್ ಆಗಿ ಗಾಡಿಯ ಬಾಲ ಸುತ್ತುತ್ತದೆ. ಲೋಡ್ ಇರುವಾಗ ಉಲ್ಟಾ, ಹಿಂದಿನ ಚಕ್ರಗಳೇ ಒಳ್ಳೇ ಹಿಡಿತ ಕೊಡಬಲ್ಲವು, ಅವಕ್ಕೆ ಹೆಚ್ಚು ಒತ್ತಡ ಬೇಕು. ಈ ಎರಡನ್ನೂ ಸಂಭಾಳಿಸಲಿಕ್ಕೆ ಬಹಳಷ್ಟು ಸರಕಿನ ಗಾಡಿಗಳಲ್ಲಿ ಲೋಡ್ ಸೆನ್ಸಿಂಗ್ ವಾಲ್ವ್ ಅಂತ ಒಂದು ಇರುತ್ತದೆ. ಅದು ಚಾಸಿಯಲ್ಲಿ ಕೂತಿರುತ್ತದೆ, ಅಲ್ಲಿಂದ ಒಂದು ಸಣ್ಣ ಕಡ್ಡಿ ಹಿಂದಿನ ಆಕ್ಸಲಿಗೆ. ಸೆನ್ಸಿಂಗ್ ಅಂದರೆ ಅದೇನು ತೂಕ ಅಳೆಯುವುದಿಲ್ಲ. ಚಾಸಿ ಮತ್ತು ಆಕ್ಸಲಿನ ನಡುವಿನ ಅಂತರ ಅಳೆಯುತ್ತದೆ, ಅಷ್ಟೇ. ಲೋಡ್ ಬಿದ್ದರೆ ಸ್ಪ್ರಿಂಗ್ ಬಗ್ಗಿ ಅಂತರ ಕಡಿಮೆಯಾಗುತ್ತದೆ, ಆಗ ವಾಲ್ವ್ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ.

ಈಗ ಪ್ಲೇಟ್ ಹೆಚ್ಚು ಹಾಕಿದ ಗಾಡಿಯನ್ನು ನೆನೆಸಿಕೊಳ್ಳಿ. ಸ್ಪ್ರಿಂಗ್ ಗಟ್ಟಿಯಾಯಿತು. 1300 ಕೆ.ಜಿ. ಹೇರಿದರೂ ಹಿಂಭಾಗ ಕೆಳಗಿಳಿಯುವುದಿಲ್ಲ. ವಾಲ್ವ್ ಪಾಪ, ಗಾಡಿ ಅರ್ಧ ಖಾಲಿ ಅಂತಲೇ ತಿಳಿಯುತ್ತದೆ ಮತ್ತು ಹಿಂದಿನ ಬ್ರೇಕಿಗೆ ಒತ್ತಡ ಕಡಿತ ಮಾಡುತ್ತದೆ. ಅತಿ ಹೆಚ್ಚು ಬ್ರೇಕ್ ಬೇಕಾದ ಹೊತ್ತಿನಲ್ಲಿ ಹಿಂದಿನ ಎರಡು ಚಕ್ರ ಅರ್ಧ ರಜೆಯಲ್ಲಿರುತ್ತವೆ. ಗಾಡಿ ನಿಲ್ಲುವುದಿಲ್ಲ ಅಂತ ಡ್ರೈವರ್ ಇನ್ನೂ ಜೋರಾಗಿ ಒತ್ತುತ್ತಾನೆ, ಎಲ್ಲ ಕೆಲಸ ಮುಂದಿನ ಚಕ್ರಗಳಿಗೆ ಬೀಳುತ್ತದೆ, ಒದ್ದೆ ರಸ್ತೆಯಲ್ಲಿ ಅವು ಲಾಕ್ ಆಗುತ್ತವೆ. ಲಾಕ್ ಆದ ಮುಂದಿನ ಚಕ್ರವನ್ನು ಯಾವ ಕಡೆ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ನಮ್ಮ ಗಾಡಿಯೂ ನೇರವೇ ಹೋದದ್ದು. ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿ ನನ್ನ ಹತ್ತಿರ ಇಲ್ಲ, ಆದರೆ ನನಗೆ ಸಂಶಯವೂ ಇಲ್ಲ. ಗಾಡಿ ಯಾವ ಕಂಪನಿಯದ್ದು ಅಂತ ಕೇಳಬೇಡಿ. ಅದರ ತಪ್ಪಲ್ಲ, ಪ್ಲೇಟ್ ಹಾಕಿಸಿದ್ದು ನಾವು.

ಪ್ಲೇಟ್ ಹಾಕಿದರೆ ಹೊರುವ ಶಕ್ತಿ ಹೆಚ್ಚಾಯಿತು ಅಂತ ಅಲ್ಲ, ಬಗ್ಗುವುದು ಕಡಿಮೆಯಾಯಿತು ಅಂತ ಮಾತ್ರ. ಆಕ್ಸಲ್ ಅದೇ, ಬೇರಿಂಗ್ ಅದೇ, ಬ್ರೇಕ್ ಡ್ರಮ್ ಅದೇ. ಟೈರೂ ಅದೇ. ಟೈರಿನ ಪಕ್ಕದಲ್ಲಿ ಅಳತೆಯ ಜೊತೆ ಒಂದು ಸಂಖ್ಯೆ ಇರುತ್ತದೆ, ಲೋಡ್ ಇಂಡೆಕ್ಸ್. 86 ಅಂತ ಇದ್ದರೆ ಒಂದು ಟೈರಿಗೆ 530 ಕೆ.ಜಿ. ಮಿತಿ ಅಂತ ಅರ್ಥ, ಅದೂ ಹೇಳಿದಷ್ಟು ಗಾಳಿ ಇದ್ದರೆ. ಹಿಂದೆ ಎರಡು ಟೈರು, 1060 ಕೆ.ಜಿ. ಗಾಡಿಯ ಹಿಂಭಾಗದ ಸ್ವಂತ ತೂಕವನ್ನು ಅದರಲ್ಲೇ ಕಳೆಯಬೇಕು. ನಿಮ್ಮ ಮನೆಯಲ್ಲಿ ಪಿಕಪ್ ಇದ್ದರೆ ಈ ವಾರ ಹೋದಾಗ ಟೈರು ನೋಡಿ ಲೆಕ್ಕ ಹಾಕಿ.

ಘಾಟಿಯಲ್ಲಿ ಇದೇ ಕಥೆಗೆ ಬಿಸಿಯೂ ಸೇರುತ್ತದೆ. ಉಜಿರೆ ದಾಟಿ ಚಾರ್ಮಾಡಿ ಹತ್ತಿದವರಿಗೆ ಆ ರಸ್ತೆ ಗೊತ್ತು. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆ ಬಂದಾಗಿ, ಮತ್ತೆ ತೆರೆದಾಗ ಮೊದಲು ಬಿಟ್ಟದ್ದು ಲಘು ವಾಹನಗಳನ್ನು. ಹಾಗಾಗಿ ಆಗ ಕೊಟ್ಟಿಗೆಹಾರದ ಕಡೆಯ ಸರಕಿಗೆ ಸಣ್ಣ ಗಾಡಿ ಬೇಕಾಗುತ್ತಿತ್ತು. ಹತ್ತುವಾಗ ಎಂಜಿನಿಗೆ ಕಷ್ಟ, ಇಳಿಯುವಾಗ ಬ್ರೇಕಿಗೆ. ಒಟ್ಟು 1550 ಕೆ.ಜಿ. ತೂಕದ ಗಾಡಿ 500 ಮೀಟರ್ ಎತ್ತರದಿಂದ ಇಳಿಯಿತು ಅಂತ ಇಟ್ಟುಕೊಳ್ಳಿ. ಪಿಯುಸಿಯ ಎಂಜಿಎಚ್ ಹಾಕಿದರೆ 76 ಲಕ್ಷ ಜೂಲ್. ಇದರಿಂದ 24 ಲೀಟರ್ ತಣ್ಣೀರನ್ನು ಕುದಿಸಬಹುದು. ಒಟ್ಟು ತೂಕ 2300 ಆದರೆ 36 ಲೀಟರ್. ಇಷ್ಟೂ ಬಿಸಿ ಎಲ್ಲಿಗಾದರೂ ಹೋಗಬೇಕಲ್ಲ? ಗೇರ್ ಇಳಿಸಿದರೆ ಒಂದು ಪಾಲನ್ನು ಎಂಜಿನ್ ತೆಗೆದುಕೊಳ್ಳುತ್ತದೆ. ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸುವ ಬುದ್ಧಿವಂತರ ಗಾಡಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಬ್ರೇಕಿಗೇ. ಲೈನರ್ ಕಾದು ಹಿಡಿತ ಬಿಡುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಜಾತಿಯದ್ದು. ಹಳೆಯದಾದಷ್ಟು ಬೇಗ ಕುದಿಯುತ್ತದೆ, ಕುದಿದರೆ ಪೈಪಿನಲ್ಲಿ ಆವಿ, ಪೆಡಲ್ ಸೀದಾ ನೆಲಕ್ಕೆ. ವರ್ಷಕ್ಕೆ ಸುಮಾರು ನಾಲ್ಕು ಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಬ್ರೇಕ್ ಆಯಿಲ್ ಬದಲಿಸದೆ ಗಾಡಿ ಓಡಿಸುವವರ ಧೈರ್ಯ ಮೆಚ್ಚಬೇಕು.

ಮಳೆ ಅಂದ ಮೇಲೆ ತುಕ್ಕು. ನಮ್ಮ ಕೆಂಪು ಮಣ್ಣು ಚಾಸಿಯ ಸಂದಿನಲ್ಲಿ, ಬಾಡಿಯ ಅಡಿಯಲ್ಲಿ ಅಂಟಿ ಕೂತರೆ ಸ್ಪಂಜಿನ ಹಾಗೆ ನೀರು ಹಿಡಿದುಕೊಳ್ಳುತ್ತದೆ. ಮೇಲಿನಿಂದ ನೋಡಿದರೆ ಪೈಂಟ್ ಹೊಳೆಯುತ್ತಿರುತ್ತದೆ, ಕೆಳಗಿನಿಂದ ತಗಡು ತಿಂದುಹೋಗಿರುತ್ತದೆ. ಮೀನು ಸಾಗಿಸುವ ಗಾಡಿಗಳದ್ದು ಇನ್ನೂ ಕಷ್ಟ, ಐಸು ಕರಗಿದ ಉಪ್ಪುನೀರು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅಡಿಯಿಂದ ನೀರು ಹೊಡೆದು ತೊಳೆಯುವುದು, ನೀರು ಹೋಗುವ ತೂತುಗಳನ್ನು ಕಡ್ಡಿ ಹಾಕಿ ಬಿಡಿಸುವುದು ನನ್ನ ಕೆಲಸ. ಹಳೆ ಎಂಜಿನ್ ಆಯಿಲ್ ಬಳಿಯುವ ಪದ್ಧತಿ ಊರಿನಲ್ಲಿ ಇನ್ನೂ ಉಂಟು. ಅದು ರಬ್ಬರ್ ಬುಷ್ಷನ್ನು, ಬ್ರೇಕಿನ ಹೋಸನ್ನು ಹಾಳು ಮಾಡುತ್ತದೆ, ತೊಟ್ಟಿಕ್ಕಿ ತೋಡಿನ ನೀರಿಗೆ ಹೋಗುತ್ತದೆ. ನಾವು ನಿಲ್ಲಿಸಿದ್ದೇವೆ.

ಬೇಸಿಗೆಯಲ್ಲಿ ಕಲ್ಲಿನ ಕೋರೆಯ ಧೂಳು. ಏರ್ ಫಿಲ್ಟರ್ ಕಟ್ಟಿದರೆ ಕಪ್ಪು ಹೊಗೆ, ಮೈಲೇಜ್ ಇಳಿಕೆ. ಹರಿದ ಫಿಲ್ಟರ್ ಅದಕ್ಕಿಂತ ಕೆಟ್ಟದ್ದು, ಧೂಳು ಸಿಲಿಂಡರನ್ನು ಮರಳು ಕಾಗದದ ಹಾಗೆ ಉಜ್ಜುತ್ತದೆ. ಡೀಸೆಲ್ ಫಿಲ್ಟರಿನ ಅಡಿಯಲ್ಲಿ ನಿಂತ ನೀರನ್ನು ಆಗಾಗ ಬಿಡಬೇಕು. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದ್ದರೆ, ಬರೀ ಎರಡು ಕಿಲೋಮೀಟರಿನ ಓಡಾಟದಲ್ಲಿ ಅದು ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಮೂಡಬಿದಿರೆಯವರೆಗಾದರೂ ಬಿಡದೆ ಓಡಿಸಿದರೆ ಮಸಿ ಸುಟ್ಟುಹೋಗುತ್ತದೆ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸ್ತೇನೆ. ಒಟ್ಟು ತೂಕ 3000 ಕೆ.ಜಿ. ಮೀರದ ಸರಕಿನ ಗಾಡಿಗೆ ಪರ್ಮಿಟ್ ಬೇಡ. ಫಿಟ್‌ನೆಸ್ ಬೇಕು: ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ. 7500 ಕೆ.ಜಿ. ಒಳಗಿನ ಗಾಡಿ ಓಡಿಸಲಿಕ್ಕೆ ಕಾರಿನ ಎಲ್‌ಎಂವಿ ಲೈಸೆನ್ಸೇ ಸಾಕು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಇನ್ನು ಹತ್ತು ಜನ ಹಿಂದೆ ಕೂರುವ ವಿಷಯ. ಸರಕಿನ ಗಾಡಿಯ ವಿಮೆ ಸರಕಿನ ಯಜಮಾನನಿಗೆ ಅಥವಾ ಅವನ ಕಡೆಯವನಿಗೆ ಅನ್ವಯಿಸುತ್ತದೆ. ಸುಮ್ಮನೆ ಹತ್ತಿ ಕೂತವರಿಗೆ ವಿಮಾ ಕಂಪನಿ ಹೊಣೆ ಅಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ತೀರ್ಮಾನ ಮಾಡಿ ಆಗಿದೆ. ಅಂದರೆ ಏನಾದರೂ ಆದರೆ ಪರಿಹಾರದ ಭಾರ ಗಾಡಿಯ ಯಜಮಾನನ ತಲೆಗೆ. ನಮ್ಮ ಲೆಕ್ಕದಲ್ಲಿ ಅದು ಅಡಿಕೆ ತೋಟ. ನಾನು ಭಾವ ಮಾಡಿದ್ದಲ್ಲ, ತೋಟ ಅಡವಿಡಲಿಕ್ಕೆ ತಯಾರಿರಲಿಲ್ಲ.

ದುಡ್ಡು ಹೇಗೆ? ಐದು ಲಕ್ಷ ಸಾಲ, ಶೇಕಡಾ 10 ಬಡ್ಡಿ, ಐದು ವರ್ಷ ಅಂದರೆ ತಿಂಗಳ ಕಂತು ಸುಮಾರು 10,600. ತಿಂಗಳಿಗೆ 25 ದಿನ ಬಾಡಿಗೆ ಸಿಕ್ಕಿದರೆ ದಿನಕ್ಕೆ 424. ಜುಲೈಯಲ್ಲಿ ಹತ್ತೇ ದಿನ ಸಿಕ್ಕಿದರೆ ದಿನಕ್ಕೆ 1060. ಥರ್ಡ್ ಪಾರ್ಟಿ ವಿಮೆ ಒಂದೇ, 2022ರ ದರದಲ್ಲಿ, ವರ್ಷಕ್ಕೆ 16,049, ಮೇಲೆ ತೆರಿಗೆ. ಲೀಟರಿಗೆ 15 ಕಿ.ಮೀ., ಡೀಸೆಲ್ 90 ಅಂತ ಹಿಡಿದರೆ ಕಿಲೋಮೀಟರಿಗೆ 6 ರೂಪಾಯಿ. ಈಗ ಹೆಚ್ಚು ಹೇರುವುದರ ಲಾಭ ನೋಡಿ: 40 ಕಲ್ಲನ್ನು ಎರಡು ಸಲದ ಬದಲು ಒಂದೇ ಸಲ ತಂದರೆ, ಹೋಗಿ ಬರುವ ದಾರಿ 20 ಕಿ.ಮೀ. ಇದ್ದರೆ, ಉಳಿಯುವುದು 120 ರೂಪಾಯಿ ಡೀಸೆಲ್, ಮತ್ತೆ ಒಂದು ಗಂಟೆ. ಓವರ್‌ಲೋಡಿಗೆ 2019ರ ತಿದ್ದುಪಡಿಯ ನಂತರ ಕಾಯ್ದೆಯಲ್ಲಿರುವ ದಂಡ 20,000 ರೂಪಾಯಿ, ಹೆಚ್ಚುವರಿ ಟನ್ನಿಗೆ 2,000 ಬೇರೆ. 166 ಸಲ ಉಳಿಸಿದ್ದು ಒಂದೇ ದಿನದಲ್ಲಿ ಹೋಯಿತು.

ಈ ಲೆಕ್ಕವನ್ನು ಕಾಗದದಲ್ಲಿ ಬರೆದು ಅಪ್ಪನಿಗೆ ತೋರಿಸಿದೆ. "ಕಾಲೇಜಿಗೆ ಕಳಿಸಿದ್ದು ನನಗೆ ಬುದ್ಧಿ ಹೇಳ್ಲಿಕ್ಕಾ ಮಗಾ?" ಅಂದರು. ಒಂದು ಗಂಟೆ ಹೋದದ್ದನ್ನು ನೀನು ಲೆಕ್ಕಕ್ಕೆ ಹಿಡಿಯಲಿಲ್ಲ, ಆ ಗಂಟೆಯಲ್ಲಿ ಇನ್ನೊಂದು ಬಾಡಿಗೆ ಆಗ್ತಿತ್ತು ಅಂತಲೂ ಹೇಳಿದರು. ಅದು ಸರಿ, ನನ್ನ ಲೆಕ್ಕದಲ್ಲಿ ಆ ತೂತು ಉಂಟು. ಆದರೆ ಕ್ಯಾಬಿನ್ನಿನ ಬಗ್ಗಿದ ತಗಡನ್ನು ಅವರು ಇವತ್ತಿಗೂ ನೆಟ್ಟಗೆ ಮಾಡಿಸಿಲ್ಲ. ಮುಂದಿನ ತಿಂಗಳು ಗ್ಯಾರೇಜಿಗೆ ಹೋದಾಗ ಎರಡೂ ಪ್ಲೇಟ್ ತೆಗೆಸಿದರು. ಮೆಕ್ಯಾನಿಕ್ "ಎಲ್ರೂ ಹಾಕಿಸ್ತಾರೆ, ನೀವೆಂತ ಅಣ್ಣ ತೆಗೆಸುವುದು?" ಅಂತ ಎರಡೆರಡು ಸಲ ಕೇಳಿದನಂತೆ. ಈಗ ನಾವು 22 ಕಲ್ಲು ಹೇರುತ್ತೇವೆ, ಎರಡು ಟ್ರಿಪ್ಪಿಗೆ ಎರಡು ಬಾಡಿಗೆ ಕೇಳುತ್ತೇವೆ. ಇಬ್ಬರು ಗಿರಾಕಿಗಳು ಬೇರೆ ಗಾಡಿಗೆ ಹೋದರು. ಒಬ್ಬರು ವಾಪಸ್ ಬಂದಿದ್ದಾರೆ.

ಈ ವರ್ಷದ ಫೆಸ್ಟಿಗೂ ಗಾಡಿ ಉಂಟು. ಸೌಂಡ್ ಬಾಕ್ಸ್ ಹಿಂದೆ, ಹಗ್ಗ ಹಾಕಿ ಬಿಗಿದು, ಮೇಲೆ ಟರ್ಪಾಲು. ಪಕ್ಕದ ಸೀಟಿನಲ್ಲಿ ಒಬ್ಬರಿಗೆ ಜಾಗ. ಉಳಿದವರಿಗೆ ಬಿ.ಸಿ.ರೋಡಿನಿಂದ ಬಸ್ಸು ಉಂಟು.