ಎಣ್ಣೆ ಕುಡಿಯೋ ಬದನೆ, ಇಟಲಿಯ ಅಡುಗೆಮನೆ

ಮೆಸ್‌ನಲ್ಲಿ ಬದನೆಕಾಯಿ ಅಂದ್ರೆ ಮುಖ ಸಿಂಡರಿಸೋರೇ ನಮ್ಮಲ್ಲಿ ಜಾಸ್ತಿ. ಇಟಲಿಯಲ್ಲೂ ಒಂದು ಕಾಲಕ್ಕೆ ಇದೇ ಕಥೆ. ಮಧ್ಯಯುಗದಲ್ಲಿ ಅರಬರ ಜೊತೆ ಸಿಸಿಲಿ ದ್ವೀಪಕ್ಕೆ ಬಂದ ಈ ಕಾಯಿಗೆ ಅಲ್ಲಿನ ಹೆಸರು 'ಮೆಲಂಜಾನಾ'. ಮೂಲ ಅರಬ್ಬಿಯ 'ಬಾದಿಂಜಾನ್'. ಜನ ಅದನ್ನ 'ಮೇಲಾ ಇನ್ಸಾನಾ', ಅಂದ್ರೆ ಹುಚ್ಚು ಸೇಬು, ಅಂತ ಒಡೆದು ಅರ್ಥ ಮಾಡ್ಕೊಂಡ್ರು. ನಲವತ್ತು ವರ್ಷದ ಹಿಂದೆ ಫ್ಲಾರೆನ್ಸ್ ಮಾರುಕಟ್ಟೆಯಲ್ಲಿ ಬದನೆ ಕಾಣೋದೇ ಅಪರೂಪವಾಗಿತ್ತು, ಯಹೂದಿಗಳು ತಿನ್ನೋದು ಅಂತ ಕೀಳಾಗಿ ನೋಡ್ತಿದ್ರು ಅಂತ ಪೆಲ್ಲೆಗ್ರಿನೊ ಅರ್ತೂಸಿ 1891ರ ತನ್ನ ಅಡುಗೆ ಪುಸ್ತಕದಲ್ಲಿ ಬರೆದಿದ್ದಾನೆ. ದಕ್ಷಿಣ ಇಟಲಿಯಲ್ಲಿ ಮಾತ್ರ ಅದು ಮನೆಮನೆಯ ತರಕಾರಿ.

ಅಲ್ಲಿನ ಅಜ್ಜಿಯರ ವಿಧಾನಗಳನ್ನ ನೋಡಿದ್ರೆ, ಎಲ್ಲವೂ ಒಂದೇ ಸಮಸ್ಯೆಗೆ ಉತ್ತರ ಅನ್ಸುತ್ತೆ: ಬದನೆ ಒಂದು ಸ್ಪಂಜು. ಒಳಗೆ ತುಂಬಾ ನೀರು, ಜೀವಕೋಶಗಳ ನಡುವೆ ಗಾಳಿ. ಹಾಗೇ ಬಾಣಲೆಗೆ ಹಾಕಿದ್ರೆ ಗಾಳಿಯ ಜಾಗಕ್ಕೆ ಎಣ್ಣೆ ನುಗ್ಗುತ್ತೆ. ಅದಕ್ಕೇ ಬಿಲ್ಲೆಗಳಿಗೆ ಉಪ್ಪು ಸವರಿ, ಮೇಲೆ ತಟ್ಟೆ, ತಟ್ಟೆ ಮೇಲೆ ಭಾರ ಇಟ್ಟು ಒಂದು ಗಂಟೆ ಬಿಡ್ತಾರೆ. ಕೇಳಿದ್ರೆ "ಕಹಿ ಹೋಗ್ಲಿ ಅಂತ" ಅಂತಾರೆ. ಈಗಿನ ತಳಿಗಳಲ್ಲಿ ಅಷ್ಟು ಕಹಿ ಇಲ್ಲ. ಆದರೂ ಪದ್ಧತಿ ದಂಡ ಅಲ್ಲ: ಆಸ್ಮೋಸಿಸ್‌ನಿಂದ ನೀರು ಹೊರಬಂದು ಕೋಶಗಳು ಕುಸಿಯುತ್ತವೆ, ಭಾರಕ್ಕೆ ಗಾಳಿಯ ಜಾಗ ಮುಚ್ಚಿಕೊಳ್ಳುತ್ತೆ, ಎಣ್ಣೆ ಕಡಿಮೆ ಸಾಕಾಗುತ್ತೆ. ಕಾರಣ ತಪ್ಪಿದ್ರೂ ಪ್ರೊಸೀಜರ್ ಸರಿ!

ಹೀಗೆ ಕರಿದ ಬಿಲ್ಲೆಗಳನ್ನ ಟೊಮ್ಯಾಟೊ ಸಾಸ್, ಚೀಸ್, ಬೇಸಿಲ್ ಎಲೆ ಜೊತೆ ಪದರ ಪದರವಾಗಿ ಜೋಡಿಸಿ ಓವನ್‌ನಲ್ಲಿ ಬೇಯಿಸಿದ್ರೆ ಪಾರ್ಮಿಜಾನಾ. ನೇಪಲ್ಸ್‌ನ ಎಷ್ಟೋ ಮನೆಗಳಲ್ಲಿ ಬಿಲ್ಲೆಯನ್ನ ಹಿಟ್ಟು, ಮೊಟ್ಟೆಯಲ್ಲಿ ಅದ್ದಿ ಕರೀತಾರೆ. ಬರೀ ಬದನೆ ಕರಿಯೋ ಮನೆಯವರಿಗೆ ಅದು ಅಪಚಾರ. ಈ ಜಗಳ ಬಗೆಹರಿಯೋದಲ್ಲ. ಹೆಸರಿಗೂ ಜಗಳವಿದೆ: ಪಾರ್ಮಾ ಊರಿನದೋ, ಪಾರ್ಮಿಜಾನೊ ಚೀಸ್‌ನದೋ, ಅಥವಾ ಪದರಗಳು ಕಿಟಕಿ ಬಾಗಿಲಿನ ಪಟ್ಟಿಗಳ ಹಾಗೆ ಕಾಣೋದ್ರಿಂದ ಅದರ ಸಿಸಿಲಿಯನ್ ಹೆಸರಿನಿಂದ ಬಂದದ್ದೋ. ಮಾಡಿದ ಮರುದಿನ ರುಚಿ ಹೆಚ್ಚು ಅನ್ನೋದರಲ್ಲಿ ಮಾತ್ರ ಹೆಚ್ಚಿನವರು ಒಂದೇ.

ಸಿಸಿಲಿಯ ಕತಾನಿಯಾದಲ್ಲಿ ಕರಿದ ಬದನೆ, ಟೊಮ್ಯಾಟೊ, ಉಪ್ಪಿನ ರಿಕೊತ್ತಾ ಸೇರಿದ ಪಾಸ್ತಾಗೆ 'ನೋರ್ಮಾ' ಅಂತಾರೆ; ಆ ಊರಿನ ಬೆಲ್ಲಿನಿ 1831ರಲ್ಲಿ ರಂಗಕ್ಕೆ ತಂದ ಒಪೆರಾದ ಹೆಸರು ಅದು. ಕಪೊನಾತಾ ನಮ್ಮ ಗೊಜ್ಜಿನ ದೂರದ ನೆಂಟ: ವಿನೆಗರ್‌ನ ಹುಳಿ, ಸಕ್ಕರೆಯ ಸಿಹಿ, ಜೊತೆಗೆ ಸೆಲರಿ, ಆಲಿವ್, ಆರಿದ ಮೇಲೇ ತಿನ್ನಬೇಕು. ಕಲಾಬ್ರಿಯಾದಲ್ಲಿ ಬೇಯಿಸಿದ ಬದನೆಗೆ ಒಣಗಿದ ಬ್ರೆಡ್, ಚೀಸ್, ಮೊಟ್ಟೆ ಕಲಸಿ ಉಂಡೆ ಕರೀತಾರೆ. ಮಾಂಸ ಕೊಳ್ಳಲಾಗದ ಮನೆಯ ಮಾಂಸದುಂಡೆ ಅದು.

ಇನ್ನೊಂದಿದೆ, ಎಣ್ಣೆಯಲ್ಲಿ ಇಡೋ ಬದನೆ, 'ಸೊತ್ತೊಲಿಯೊ'. ಇದನ್ನ ಹುಷಾರಾಗಿ ಓದಿ. ಸಿಪ್ಪೆ ತೆಗೆದು ಉದ್ದುದ್ದ ಹೆಚ್ಚಿ, ಉಪ್ಪು ಹಾಕಿ ರಾತ್ರಿಯಿಡೀ ಭಾರದ ಕೆಳಗಿಟ್ಟು, ವಿನೆಗರ್‌ನಲ್ಲಿ ಕುದಿಸಿ, ಹಿಂಡಿ, ಬಟ್ಟೆ ಮೇಲೆ ಆರಿಸಿ, ಬೆಳ್ಳುಳ್ಳಿ, ಮೆಣಸಿನಕಾಯಿ ಜೊತೆ ಗಾಜಿನ ಬಾಟಲಿಗೆ ತುಂಬಿ ಆಲಿವ್ ಎಣ್ಣೆಯಲ್ಲಿ ಮುಳುಗಿಸ್ತಾರೆ. ಎಣ್ಣೆ ಕೆಡದಂತೆ ಕಾಯುತ್ತೆ ಅಂತ ನಾವು ಅಂದ್ಕೊಳ್ತೀವಿ. ಎಣ್ಣೆ ಮಾಡೋದು ಗಾಳಿ ತಡೆಯೋದಷ್ಟೇ. ಬೂಸ್ಟು ಬರಲ್ಲ, ಸರಿ. ಆದರೆ ಗಾಳಿ ಇಲ್ಲದ ಜಾಗವೇ ಬೊಟುಲಿಸಂ ತರೋ ಬ್ಯಾಕ್ಟೀರಿಯಾಕ್ಕೆ ಇಷ್ಟ. ಅದರ ವಿಷ ನರಗಳನ್ನೇ ಹಿಡಿಯುತ್ತೆ. ನೋಡಿ, ಮೂಸಿ ಪತ್ತೆ ಹಚ್ಚೋಕಾಗಲ್ಲ. ಅದನ್ನ ತಡೆಯೋದು ವಿನೆಗರ್: ಪಿಎಚ್ 4.6ಕ್ಕಿಂತ ಕೆಳಗಿದ್ರೆ ಆ ಬ್ಯಾಕ್ಟೀರಿಯಾ ಬೆಳೆಯಲ್ಲ. ನಮ್ಮ ಮಾವಿನಕಾಯಿ ಉಪ್ಪಿನಕಾಯಿಗೆ ಕಾಯಿಯದೇ ಹುಳಿ ಇದೆ, ಉಪ್ಪೂ ಜೋರು. ಬದನೆಗೆ ಸ್ವಂತ ಹುಳಿ ಸಾಲದು. ಇಟಲಿಯಲ್ಲಿ ಇವತ್ತಿಗೂ ಬೊಟುಲಿಸಂ ಪ್ರಕರಣಗಳು ಬರ್ತಿವೆ, ಅದರಲ್ಲಿ ಮನೆಯಲ್ಲಿ ಎಣ್ಣೆಗೆ ಹಾಕಿಟ್ಟ ತರಕಾರಿಗಳ ಪಾಲಿದೆ. ಹಾಗಾಗಿ ಯಾವುದಾದ್ರೂ ರೀಲ್ ನೋಡಿ ರೂಮಲ್ಲಿ ಬಾಟಲಿ ತುಂಬಿಸೋಕೆ ಹೊರಟ್ರೆ, ವಿನೆಗರ್‌ನಲ್ಲಿ ಕುದಿಸೋ ಹಂತ ಅದರಲ್ಲಿ ಇದೆಯಾ ಅಂತ ಮೊದಲು ನೋಡಿ. ಇಲ್ಲದಿದ್ರೆ ನೋರ್ಮಾ ಮಾಡ್ಕೊಳ್ಳಿ, ಅರ್ಧ ಗಂಟೆ ಕೆಲಸ.