ದೇಹದ ಅರಿವು

ಮೂಗಿನ ಮೇಲೆ ಸೊಳ್ಳೆ ಕುಳಿತರೆ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ‘ನಿಮ್ಮ ಮೂಗೆಲ್ಲಿ, ತೋರಿಸಿ’ ಎಂದರೂ ಅದೇ ಕೈ ಅದೇ ಮೂಗಿಗೆ ಹೋಗುತ್ತದೆ. ಎರಡೂ ಒಂದೇ ಕ್ರಿಯೆಯೆಂದು ನಾವು ಭಾವಿಸುತ್ತೇವೆ. ಹಾಗಲ್ಲವೆಂಬುದು ಒಬ್ಬ ಜರ್ಮನ್ ಸೈನಿಕನ ದುರ್ದೈವದಿಂದ ತಿಳಿದುಬಂತು.

ಮೊದಲನೆಯ ಮಹಾಯುದ್ಧದಲ್ಲಿ, 1915ರಲ್ಲಿ, ಸಿಡಿದ ಚೂರುಗಳು ತಗುಲಿ ಇವನ ಮಿದುಳಿನ ಹಿಂಭಾಗಕ್ಕೆ ಪೆಟ್ಟಾಯಿತು. ಕುರ್ಟ್ ಗೋಲ್ಡ್‌ಸ್ಟೈನ್ ಎಂಬ ವೈದ್ಯನೂ ಗೆಲ್ಬ್ ಎಂಬ ಮನಶ್ಶಾಸ್ತ್ರಜ್ಞನೂ ಫ್ರಾಂಕ್‌ಫರ್ಟಿನಲ್ಲಿ ಇವನನ್ನು ಬಹುಕಾಲ ಪರೀಕ್ಷಿಸಿದರು. ಗ್ರಂಥಗಳಲ್ಲಿ ಇವನ ಹೆಸರು ಶ್ನೈಡರ್. ಕಣ್ಣು ಮುಚ್ಚಿಕೊಂಡೇ ಜೇಬಿನಿಂದ ಕರವಸ್ತ್ರ ತೆಗೆದು ಮೂಗೊರೆಸಿಕೊಳ್ಳಬಲ್ಲ. ಕಡ್ಡಿ ಗೀರಿ ದೀಪ ಹಚ್ಚಬಲ್ಲ. ಹಣದ ಚೀಲಗಳನ್ನು ಹೊಲಿದು ಜೀವನ ನಡೆಸುತ್ತಿದ್ದ. ಆರೋಗ್ಯವಂತ ಕೆಲಸಗಾರನ ಮುಕ್ಕಾಲು ಪಾಲು ಕೆಲಸ ಅವನಿಂದ ಆಗುತ್ತಿತ್ತು. ಆದರೆ ಕಣ್ಣು ಮುಚ್ಚಿ ಮೂಗನ್ನು ಬೆರಳಿನಿಂದ ತೋರಿಸೆಂದರೆ ಕೈಸಾಗದು. ತೋಳೆತ್ತೆಂದರೆ ಮೊದಲು ಮೈಯನ್ನೆಲ್ಲ ಅಲುಗಿಸಿ ತೋಳೆಲ್ಲಿದೆಯೆಂದು ಹುಡುಕಬೇಕು. ಸೈನಿಕನ ವಂದನೆಯನ್ನು ಮಾಡಿ ತೋರಿಸೆಂದರೆ, ವಂದನೆಗೆ ತಕ್ಕ ನಿಲುವನ್ನೆಲ್ಲ ಮೈಮೇಲೆ ತಂದುಕೊಂಡ ಮೇಲಷ್ಟೇ ಕೈ ಏಳುತ್ತದೆ.

ಈ ವೃತ್ತಾಂತವನ್ನು ತತ್ತ್ವಶಾಸ್ತ್ರದ ನಡುಮನೆಗೆ ತಂದವನು ಫ್ರಾನ್ಸಿನ ಮಾರಿಸ್ ಮೆರ್ಲೊ-ಪಾಂಟಿ (1908–1961). 1942ರಲ್ಲಿ ವರ್ತನೆಯ ರಚನೆಯನ್ನು ಕುರಿತು, 1945ರಲ್ಲಿ ಇಂದ್ರಿಯಗ್ರಹಣವನ್ನು ಕುರಿತು ಅವನ ಎರಡು ಮಹಾಗ್ರಂಥಗಳು ಹೊರಬಂದವು. ಅವನ ಎದುರಿಗೆ ಎರಡು ಪಕ್ಷಗಳಿದ್ದವು. ದೇಹ ಒಂದು ಯಂತ್ರ, ವರ್ತನೆಯೆಂದರೆ ಪ್ರಚೋದನೆಗೆ ಪ್ರತಿಕ್ರಿಯೆ ಎಂಬುದು ಒಂದು. ದೇಕಾರ್ತನಿಂದ ಬಂದದ್ದು ಇನ್ನೊಂದು: ಚಿತ್ತ ಆಜ್ಞಾಪಿಸುತ್ತದೆ, ದೇಹ ನಡೆಸುತ್ತದೆ. ಶ್ನೈಡರನ ಮುಂದೆ ಎರಡೂ ತಡವರಿಸುತ್ತವೆ. ಸ್ನಾಯುಗಳು ಕೆಟ್ಟಿಲ್ಲ; ಕರವಸ್ತ್ರವೇ ಅದಕ್ಕೆ ಸಾಕ್ಷಿ. ಬುದ್ಧಿ ಕೆಟ್ಟಿಲ್ಲ; ಆಜ್ಞೆ ಅವನಿಗೆ ಅರ್ಥವಾಗುತ್ತದೆ. ಹಾಗಾದರೆ ಕಳೆದದ್ದು ಯಾವುದು? ಇವೆರಡರ ನಡುವೆ ನಾವು ಹೆಸರಿಡದೆ ಬಿಟ್ಟ ಒಂದು ಶಕ್ತಿ. ಎದುರಿಗಿಲ್ಲದ ಸನ್ನಿವೇಶವನ್ನು ದೇಹವೇ ಕಲ್ಪಿಸಿಕೊಂಡು ಅದರತ್ತ ಚಾಚುವ ಸಾಮರ್ಥ್ಯ.

ಇಂಥ ಅರಿವನ್ನು ಹೇಳಲು ಯುರೋಪಿನ ತತ್ತ್ವಜ್ಞರು ಹೊಸ ಪರಿಭಾಷೆಯನ್ನೇ ಕಟ್ಟಬೇಕಾಯಿತು. ಕನ್ನಡಕ್ಕೆ ಆ ಕಷ್ಟ ಕಡಿಮೆಯೆಂದು ನನಗೆ ತೋರುತ್ತದೆ. ‘ಅವನನ್ನು ಬಲ್ಲೆ’ ಎಂದರೆ ತಿಳಿದಿದ್ದೇನೆ. ‘ಈಜಬಲ್ಲೆ’ ಎಂದರೆ ನನ್ನಿಂದ ಆಗುತ್ತದೆ. ತಿಳಿವಿಗೂ ಕೈಲಾಗುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಬೆರಳಚ್ಚು ಬಲ್ಲವನನ್ನು ಯಾವ ಅಕ್ಷರ ಎಲ್ಲಿದೆ ಎಂದು ಕೇಳಿ ನೋಡಿ. ಅವನು ಬೆರಳುಗಳನ್ನು ಗಾಳಿಯಲ್ಲಾಡಿಸಿ ನೋಡಿಯೇ ಉತ್ತರ ಕೊಟ್ಟಾನು.

ಗೆಲ್ಬ್, ಗೋಲ್ಡ್‌ಸ್ಟೈನರ ವರದಿಗಳನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ಮುಂದಿನವರು ಶಂಕಿಸಿದ್ದಾರೆ. ಶಂಕೆ ನ್ಯಾಯವಾದುದೇ. ಆದರೆ ಮೆರ್ಲೊ-ಪಾಂಟಿಯ ವಾದ ಈ ಒಬ್ಬ ರೋಗಿಯನ್ನೇ ನೆಚ್ಚಿ ನಿಂತಿಲ್ಲ. ಕೈಕಾಲು ಕಳೆದುಕೊಂಡವರಿಗೆ ಇಲ್ಲದ ಅಂಗದಲ್ಲಿ ನೋವೇಳುವುದನ್ನೂ, ಕುರುಡನಿಗೆ ಕೋಲಿನ ತುದಿಯೇ ಸ್ಪರ್ಶದ ತುದಿಯಾಗುವುದನ್ನೂ ಅವನು ವಿಚಾರಿಸಿದ್ದಾನೆ.

ಶ್ನೈಡರನ ನಷ್ಟ ಮೂಗು ತೋರಿಸಲಾಗದ್ದಷ್ಟೇ ಆಗಿದ್ದರೆ ಅದು ವೈದ್ಯರ ಕುತೂಹಲಕ್ಕೆ ಸೀಮಿತವಾಗುತ್ತಿತ್ತು. ಅವನು ತಾನಾಗಿ ಹಾಡುತ್ತಿರಲಿಲ್ಲ, ಸಿಳ್ಳೆ ಹಾಕುತ್ತಿರಲಿಲ್ಲ. ಸುಮ್ಮನೆ ಅಡ್ಡಾಡಲು ಹೊರಟದ್ದೇ ಇಲ್ಲ. ಹೊರಟರೆ ಏನಾದರೊಂದು ಕೆಲಸಕ್ಕೆ. ಗೋಲ್ಡ್‌ಸ್ಟೈನನ ಮನೆಯ ಮುಂದೆಯೇ ಹಾದುಹೋದರೂ ಅದನ್ನು ಗುರುತಿಸುತ್ತಿರಲಿಲ್ಲ. ಅವನು ಅಂದು ಹೊರಟದ್ದು ಆ ಮನೆಗಲ್ಲ.