ಮರದಚ್ಚಿನ ಚಿತ್ರಗಳೂ ಊರಿನ ಹೆಸರೂ

ಸಂಸ್ಥೆಯ ಆಸ್ತಿ-ಹೊಣೆ ಪಟ್ಟಿಯಲ್ಲಿ ಕಟ್ಟಡ, ಯಂತ್ರ, ದಾಸ್ತಾನುಗಳಿಗೆ ಸ್ಥಾನವುಂಟು; ಊರಿನ ಹೆಸರಿಗೆ ಇಲ್ಲ. ಆದರೆ ಎಷ್ಟೋ ವೇಳೆ ಸರಕನ್ನು ಮಾರಿಕೊಡುವುದು ಆ ಹೆಸರೇ. ಜಪಾನಿನ ಮರದಚ್ಚಿನ ಭೂದೃಶ್ಯ ಚಿತ್ರಗಳು ಇದಕ್ಕೆ ಉತ್ತಮ ನಿದರ್ಶನ.

ಇಂದಿನ ಟೋಕಿಯೊ ನಗರಕ್ಕೆ ಹಿಂದೆ ಎಡೊ ಎಂಬ ಹೆಸರಿತ್ತು. ಅಲ್ಲಿಂದ ಕ್ಯೋಟೊವರೆಗೆ ಸುಮಾರು 500 ಕಿ.ಮೀ. ಉದ್ದದ ತೊಕಾಯ್ದೊ ಹೆದ್ದಾರಿಯಲ್ಲಿ 53 ತಂಗುದಾಣಗಳಿದ್ದವು. 1833ರ ಸುಮಾರಿಗೆ ಚಿತ್ರಕಾರ ಹಿರೊಶಿಗೆ ಇವುಗಳ ಚಿತ್ರಮಾಲಿಕೆಯನ್ನು ಆರಂಭಿಸಿದನು. ಹೆದ್ದಾರಿಯ ಎರಡೂ ತುದಿಗಳು ಸೇರಿ ಒಟ್ಟು 55 ಚಿತ್ರಗಳು.

ಈ ಉದ್ಯಮದಲ್ಲಿ ಬಂಡವಾಳ ಪ್ರಕಾಶಕನದು. ಚಿತ್ರಕಾರನು ರೇಖಾಚಿತ್ರ ಬರೆದುಕೊಟ್ಟರೆ, ಕೆತ್ತನೆಗಾರನು ಬಣ್ಣಗಳಿಗೆ ತಕ್ಕಂತೆ ಅಚ್ಚುಗಳನ್ನು ಸಿದ್ಧಪಡಿಸುತ್ತಿದ್ದನು. ಮುದ್ರಕನು ಅವನ್ನು ಕಾಗದಕ್ಕಿಳಿಸುತ್ತಿದ್ದನು. ಅಚ್ಚುಗಳು ಪ್ರಕಾಶಕನ ಸ್ವತ್ತು. ಪ್ರತಿಗಳು ಅಗ್ಗವಾಗಿದ್ದುದರಿಂದ ಜನಸಾಮಾನ್ಯರೂ ಕೊಳ್ಳುತ್ತಿದ್ದರು. ಗೊಯು ತಂಗುದಾಣದ ಚಿತ್ರದಲ್ಲಿ ವಸತಿಗೃಹದ ಫಲಕಗಳ ಮೇಲೆ ಪ್ರಕಾಶಕ, ಕೆತ್ತನೆಗಾರ, ಮುದ್ರಕರ ಹೆಸರುಗಳೇ ಇವೆ. ಚಿತ್ರದೊಳಗೇ ಜಾಹೀರಾತು!

ಹಲವು ಊರುಗಳನ್ನು ಅವುಗಳ ವಿಶಿಷ್ಟ ಉತ್ಪನ್ನದೊಡನೆ ತೋರಿಸಿರುವುದು ಗಮನಾರ್ಹ. ಮಾರಿಕೊದಲ್ಲಿ ತುರಿದ ಗೆಣಸಿನ ಸಾರು ಬಡಿಸುವ ಅಂಗಡಿ. ಮಿನಾಕುಚಿಯಲ್ಲಿ ಸೋರೆಕಾಯಿಯನ್ನು ಎಳೆಎಳೆಯಾಗಿ ಹೆರೆದು ಒಣಹಾಕುವ ಮಹಿಳೆಯರು. ನರುಮಿಯ ಚಿತ್ರದಲ್ಲಿ ನೆರೆಯ ಅರಿಮತ್ಸುವಿನ ಬಟ್ಟೆ ಅಂಗಡಿಗಳು. ಬಟ್ಟೆಯನ್ನು ದಾರದಿಂದ ಬಿಗಿದು ಬಣ್ಣದಲ್ಲಿ ಅದ್ದುವ ಕಸುಬಿಗೆ ಅರಿಮತ್ಸು ಪ್ರಸಿದ್ಧ. ಈ ಖ್ಯಾತಿಯನ್ನು ಚಿತ್ರಗಳೇ ಸೃಷ್ಟಿಸಿದವೆನ್ನಲಾಗದು. ಕುಶಲಕರ್ಮಿಗಳ ನೈಪುಣ್ಯ ಮೊದಲೇ ಇತ್ತು. ಆ ದಾರಿಯಲ್ಲಿ ಎಂದೂ ನಡೆಯದವರ ಮನೆಗೂ ಅದನ್ನು ತಲುಪಿಸಿದ್ದು ಚಿತ್ರಗಳ ಕಾರ್ಯ.

ಈ ಹೆಸರಿಗೆ ನಿಜವಾದ ಪರೀಕ್ಷೆ ಬಂದದ್ದು ಅನಂತರ. 1889ರಲ್ಲಿ ತೊಕಾಯ್ದೊ ರೈಲುಮಾರ್ಗ ಪೂರ್ಣಗೊಂಡಿತು. ದಾರಿಹೋಕರನ್ನೇ ನಂಬಿದ್ದ ಊರುಗಳ ಮುಂದಿನಿಂದ ಗಿರಾಕಿಗಳು ರೈಲಿನಲ್ಲಿ ಸಾಗಿಹೋದರು. ಆದರೂ ಅರಿಮತ್ಸುವಿನ ಕಸುಬು ಅಳಿಯಲಿಲ್ಲ. 1975ರಲ್ಲಿ ಜಪಾನ್ ಸರ್ಕಾರವು ಅರಿಮತ್ಸು-ನರುಮಿ ಬಟ್ಟೆಗೆ ಸಾಂಪ್ರದಾಯಿಕ ಕರಕುಶಲ ಉತ್ಪನ್ನವೆಂಬ ಅಧಿಕೃತ ಮಾನ್ಯತೆ ನೀಡಿತು.

ವರ್ತಕರು ಇದರಿಂದ ಗ್ರಹಿಸಬೇಕಾದ ಅಂಶ ಸ್ಪಷ್ಟವಾಗಿದೆ. ಅಚ್ಚಿಗೆ ಒಡೆಯನಿದ್ದನು, ಊರಿನ ಹೆಸರಿಗೆ ಒಬ್ಬ ಒಡೆಯನಿಲ್ಲ. ಅದು ಅಲ್ಲಿನ ಸಮಸ್ತ ಉತ್ಪಾದಕರ ಕೂಡು ಬಂಡವಾಳ. ಅದೇ ಹೆಸರಿನಲ್ಲಿ ಒಬ್ಬನು ಕಳಪೆ ಸರಕನ್ನು ಮಾರಿದರೆ ಲಾಭ ಅವನೊಬ್ಬನಿಗೆ, ನಷ್ಟ ಊರಿಗೆಲ್ಲ. ಆ ನಷ್ಟವನ್ನು ಯಾವ ಲೆಕ್ಕಪುಸ್ತಕವೂ ತೋರಿಸುವುದಿಲ್ಲ.